ಕಡಲ ಬಲ್ಲಿದ ತುಪಾಯ

ಭೂಗೋಳ ಪುಸ್ತಕದಲ್ಲಿ ನಾವು ಶಾಂತಸಾಗರವೆಂದು ಓದುವ ಕಡಲು ಹೆಸರಿಗೆ ಮಾತ್ರ ಶಾಂತ. ಭೂಮಿಯ ಮೇಲ್ಮೈಯ ಸುಮಾರು ಮೂರರಲ್ಲಿ ಒಂದು ಪಾಲನ್ನು ಅದೊಂದೇ ಆವರಿಸಿಕೊಂಡಿದೆ. ಅದರ ಉಷ್ಣವಲಯದಲ್ಲಿ ಸಾಸಿವೆ ಕಾಳು ಚೆಲ್ಲಿದ ಹಾಗೆ ಸಾವಿರಾರು ದ್ವೀಪಗಳಿವೆ. ಒಂದು ದ್ವೀಪಕ್ಕೂ ಮುಂದಿನದಕ್ಕೂ ನಡುವೆ ಕೆಲವು ಕಡೆ ಒಂದು ದಿನದ ದಾರಿ, ಕೆಲವು ಕಡೆ ಹದಿನೈದು ದಿನದ ದಾರಿ. ಹದಿನೆಂಟನೆಯ ಶತಮಾನದಲ್ಲಿ ಯುರೋಪಿನ ಹಡಗುಗಳು ದಿಕ್ಸೂಚಿ, ದೂರದರ್ಶಕಗಳನ್ನು ಹೊತ್ತು ಅಲ್ಲಿಗೆ ಬಂದಾಗ, ವಾಸಕ್ಕೆ ಯೋಗ್ಯವಾದ ಹೆಚ್ಚಿನ ದ್ವೀಪಗಳಲ್ಲೆಲ್ಲ ಜನ ಆಗಲೇ ನೆಲಸಿದ್ದರು. ಒಂದು ಕಬ್ಬಿಣದ ಮೊಳೆಯೂ ಇಲ್ಲದ ದೋಣಿಗಳಲ್ಲಿ ಅವರು ಅಲ್ಲಿಗೆ ತಲಪಿದ್ದು ಹೇಗೆ? ಇದಕ್ಕೆ ಉತ್ತರ ಹೇಳಬಲ್ಲ ಒಬ್ಬ ಮನುಷ್ಯ ಕ್ಯಾಪ್ಟನ್ ಕುಕ್ಕನ ಹಡಗಿನಲ್ಲಿಯೇ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಇದ್ದನು. ಅವನೇ ತುಪಾಯ. ಕುಕ್ಕನ ಹೆಸರು ನಮ್ಮ ಪಾಠಗಳಲ್ಲಿ ಬರುತ್ತದೆ. ತಾಹಿತಿ, ನ್ಯೂಜಿಲೆಂಡ್‌ಗಳಲ್ಲಿ ಪ್ರಸಿದ್ಧನಾದ ತುಪಾಯನ ಕಥೆ ನಮ್ಮವರ ಕಿವಿಗೆ ಬಿದ್ದದ್ದು ಕಡಿಮೆ.

ತುಪಾಯನು ಸುಮಾರು 1725ರಲ್ಲಿ ರಾಯಾತೆಯಾ ಎಂಬ ದ್ವೀಪದಲ್ಲಿ ಹುಟ್ಟಿದನು. ಭೂಮಧ್ಯರೇಖೆಯಿಂದ ದಕ್ಷಿಣಕ್ಕೆ ಸುಮಾರು 17 ಡಿಗ್ರಿಯಲ್ಲಿ, ತಾಹಿತಿಯಿಂದ ವಾಯುವ್ಯಕ್ಕೆ ಸುಮಾರು 200 ಕಿ.ಮೀ. ದೂರದಲ್ಲಿರುವ ದ್ವೀಪ ಅದು. ಅಲ್ಲಿ ತಾಪುತಾಪುವಾತೆಯಾ ಎಂಬ ಕಲ್ಲುಹಾಸಿನ ದೇವಸ್ಥಾನವಿದೆ. ದೂರದೂರದ ದ್ವೀಪಗಳ ಅರ್ಚಕರೂ ನಾಯಕರೂ ದೋಣಿಗಳಲ್ಲಿ ಬಂದು ಸೇರುತ್ತಿದ್ದ ಪವಿತ್ರ ಸ್ಥಳವದು; 2017ರಲ್ಲಿ ಯುನೆಸ್ಕೊ ಅದನ್ನು ವಿಶ್ವಪರಂಪರೆಯ ತಾಣವೆಂದು ಸಾರಿತು. ಇಂತಹ ಸ್ಥಳದಲ್ಲಿ ಬೆಳೆದ ತುಪಾಯನು ಅರ್ಚಕನಾದನು. ನಮ್ಮಲ್ಲಿ ಅರ್ಚಕನೆಂದರೆ ಪೂಜೆ, ಮಂತ್ರ ಎಂದಷ್ಟೇ ನೆನಪಾಗುತ್ತದೆ. ಅಲ್ಲಿ ಅರ್ಚಕನು ವಂಶಾವಳಿ, ವೈದ್ಯ, ನಕ್ಷತ್ರ, ಗಾಳಿ, ಅಲೆ, ದ್ವೀಪಗಳ ಹೆಸರು ಎಲ್ಲವನ್ನೂ ಬಾಯಿಪಾಠವಾಗಿ ಕಲಿಯಬೇಕಾಗಿತ್ತು. ಲಿಪಿಯಿಲ್ಲದ ನಾಡಾದ್ದರಿಂದ ತಲೆಯೇ ಗ್ರಂಥಭಂಡಾರ.

ಅವನು ಕಲಿತ ಕಡಲ ವಿದ್ಯೆಯನ್ನು ತಿಳಿಯಬೇಕಾದರೆ ಆ ದ್ವೀಪಗಳ ಹವೆಯನ್ನು ಮೊದಲು ತಿಳಿಯಬೇಕು. ಅಲ್ಲಿ ಕಾಲ ಎರಡೇ. ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ತಂಪು, ಮಳೆ ಕಡಿಮೆ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಸೆಕೆ, ಮಳೆ, ಒಮ್ಮೊಮ್ಮೆ ಚಂಡಮಾರುತ. ವರ್ಷದ ಹೆಚ್ಚಿನ ದಿನಗಳಲ್ಲಿ ಪೂರ್ವದಿಂದಲೂ ಆಗ್ನೇಯದಿಂದಲೂ ಒಂದೇ ಸಮನೆ ಬೀಸುವ ಗಾಳಿಗೆ ವಾಣಿಜ್ಯ ಮಾರುತವೆಂದು ಹೆಸರು. ಎತ್ತರದ ದ್ವೀಪಗಳಲ್ಲಿ ಈ ಗಾಳಿ ಬೆಟ್ಟಕ್ಕೆ ಹಾಯ್ದು ಮೂಡಣ ಮಗ್ಗುಲಿಗೆ ಮಳೆ ಸುರಿಸುತ್ತದೆ. ಪಡುವಣ ಮಗ್ಗುಲು ಒಣಗಿರುತ್ತದೆ. ಪಡುವಣದಿಂದ ಬರುವ ಮೋಡಗಳನ್ನು ನಮ್ಮ ಘಟ್ಟ ತಡೆಯುವುದನ್ನು ಕಂಡಿರುವ ನಾವು ಇದನ್ನು ತಿರುಗಿಸಿ ಊಹಿಸಿಕೊಂಡರೆ ಸಾಕು. ಕಡಲ ಮಟ್ಟಕ್ಕೇ ಅಂಟಿಕೊಂಡಂತಿರುವ ಹವಳದ ದ್ವೀಪಗಳಿಗಾದರೋ ಮೋಡ ತಡೆಯಲು ಬೆಟ್ಟವೇ ಇಲ್ಲ.

ತಾಹಿತಿಯ ಇನ್ನೊಂದು ವಿಚಿತ್ರವನ್ನು ಕರಾವಳಿಯ ಮಕ್ಕಳಿಗೆ ಹೇಳಲೇಬೇಕು. ನಮ್ಮ ಕಡಲಿನಲ್ಲಿ ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಹಿಂದೆ ಬೀಳುತ್ತ ಹೋಗುವುದು ಮೀನುಗಾರರ ಮನೆಯ ಎಳೆಯರಿಗೂ ಗೊತ್ತು. ಅದು ಚಂದ್ರನ ಕೆಲಸ. ತಾಹಿತಿಯಲ್ಲಿ ಚಂದ್ರನ ಸೆಳೆತದ ಉಬ್ಬರ ಬಹಳ ಕ್ಷೀಣ. ಸೂರ್ಯನ ಸೆಳೆತದ ಉಬ್ಬರವೇ ಮೇಲಾಗುತ್ತದೆ. ಆದ್ದರಿಂದ ಅಲ್ಲಿ ದಿನವೂ ಹೆಚ್ಚುಕಡಿಮೆ ನಡುಮಧ್ಯಾಹ್ನಕ್ಕೆ ಮತ್ತು ನಡುರಾತ್ರಿಗೆ ಉಬ್ಬರ, ಅದೂ ಒಂದು ಅಡಿಯಷ್ಟು ಮಾತ್ರ. ನೀರು ನೋಡಿ ಹೊತ್ತು ಹೇಳಬಹುದು.

ದಡ ಕಾಣದ ಕಡಲಿನಲ್ಲಿ ಅಲ್ಲಿಯ ನಾವಿಕರಿಗೆ ರಾತ್ರಿ ನಕ್ಷತ್ರಗಳು ದಾರಿ. ಯಾವ ನಕ್ಷತ್ರ ದಿಗಂತದ ಯಾವ ಜಾಗದಲ್ಲಿ ಹುಟ್ಟುತ್ತದೆ, ಎಲ್ಲಿ ಮುಳುಗುತ್ತದೆ, ಅದು ಮೇಲೇರಿದ ಮೇಲೆ ಅದೇ ಜಾಗದಲ್ಲಿ ಹುಟ್ಟುವ ಮುಂದಿನ ನಕ್ಷತ್ರ ಯಾವುದು, ಇದೆಲ್ಲ ಬಾಯಿಗೆ ಬರುತ್ತಿತ್ತು. ಮೋಡ ಕವಿದರೆ ಅಲೆಗಳಿವೆ. ದೂರದಲ್ಲೆಲ್ಲೋ ಬೀಸಿದ ಗಾಳಿ ಎಬ್ಬಿಸಿದ ದೊಡ್ಡ ಅಲೆಗಳು, ಆ ಗಾಳಿ ನಿಂತ ಮೇಲೂ, ಸಾವಿರಾರು ಕಿ.ಮೀ. ಉರುಳಿಕೊಂಡು ಬರುತ್ತವೆ. ಗಾಳಿಯ ಸುಳಿವೇ ಇಲ್ಲದ ದಿನ ಕಡಲು ಏಕಾಏಕಿ ದಡಕ್ಕೆ ನುಗ್ಗುವುದನ್ನು ಕೇರಳದ ಕರಾವಳಿಯಲ್ಲಿ ಕಳ್ಳಕ್ಕಡಲ್ ಎನ್ನುತ್ತಾರಲ್ಲ, ಅದು ದಕ್ಷಿಣದ ಮಹಾಸಾಗರದಿಂದ ಬರುವ ಇಂತಹ ಅಲೆಗಳದೇ ಆಟ. ಪೆಸಿಫಿಕ್ಕಿನ ನಾವಿಕನು ಎರಡು ಮೂರು ದಿಕ್ಕುಗಳಿಂದ ಬರುವ ಈ ಅಲೆಗಳನ್ನು ಬೇರೆ ಬೇರೆಯಾಗಿ ಗುರುತಿಸಿ, ಅವು ದೋಣಿಯನ್ನು ಎತ್ತಿ ಇಳಿಸುವ ಬಗೆಯಿಂದಲೇ ದಿಕ್ಕು ಹೇಳುತ್ತಿದ್ದನು. ಬೆಳಿಗ್ಗೆ ಮೀನಿಗೆ ಹೊರಟು ಸಂಜೆ ಗೂಡಿಗೆ ಮರಳುವ ಹಕ್ಕಿಗಳು, ಕದಲದೆ ಒಂದೇ ಕಡೆ ನಿಂತ ಮೋಡ, ಮೋಡದ ಅಡಿಯಲ್ಲಿ ಕಾಣುವ ತಿಳಿಹಸಿರು ಛಾಯೆ, ಇವು ನೆಲದ ಸುಳಿವುಗಳು. ಆ ಹಸಿರು ಹವಳದ ದಿಬ್ಬದೊಳಗಿನ ಆಳವಿಲ್ಲದ ನೀರಿನ ಪ್ರತಿಬಿಂಬ.

ಇದನ್ನೆಲ್ಲ ಹೊಗಳಿಕೆಯ ಕಥೆಯೆಂದು ತಳ್ಳುವವರಿಗೆ ಒಂದು ಸಾಕ್ಷಿಯಿದೆ. 1774-75ರಲ್ಲಿ ತಾಹಿತಿಗೆ ಬಂದಿದ್ದ ಅಂದಿಯಾ ಎಂಬ ಸ್ಪೇನಿನ ಹಡಗಿನ ಮುಖ್ಯಸ್ಥನು ಅಲ್ಲಿಯ ಇಬ್ಬರು ಮೂವರನ್ನು ತನ್ನ ಹಡಗಿನಲ್ಲಿ ರಾಯಾತೆಯಾಕ್ಕೆ ಕರೆದೊಯ್ದನು. ಅವರು ಪ್ರತಿ ಸಂಜೆಯೂ ನಾಳೆಯ ಗಾಳಿ, ಮಳೆ, ಬಿಸಿಲು, ಅಲೆ ಹೇಗಿರುತ್ತವೆಂದು ಮೊದಲೇ ಹೇಳುತ್ತಿದ್ದರಂತೆ. ಒಂದು ಸಲವೂ ತಪ್ಪಲಿಲ್ಲವಂತೆ. ತನ್ನ ದೇಶದ ನಾವಿಕರಿಗೂ ಈ ವಿದ್ಯೆ ಇದ್ದಿದ್ದರೆ ಎಂದು ಆಸೆಪಟ್ಟು ಅವನು ಬರೆದಿಟ್ಟಿದ್ದಾನೆ.

ತುಪಾಯನ ಬಾಳು ರಾಯಾತೆಯಾದಲ್ಲಿ ನೆಮ್ಮದಿಯಿಂದ ಸಾಗಲಿಲ್ಲ. ನೆರೆಯ ಬೊರಬೊರ ದ್ವೀಪದವರು ದಂಡೆತ್ತಿ ಬಂದು ದ್ವೀಪವನ್ನು ಗೆದ್ದುಕೊಂಡರು. ಆ ಕಾಳಗದಲ್ಲಿ ತೊರಕೆ ಮೀನಿನ ಮುಳ್ಳನ್ನು ತುದಿಗೆ ಕಟ್ಟಿದ ಭರ್ಜಿಯೊಂದು ತುಪಾಯನ ಎದೆಯನ್ನು ಸೀಳಿತು. ಗಾಯ ಮಾಗಿತು, ಕಲೆ ಉಳಿಯಿತು, ಹೊಲ ಮನೆ ಹೋದವು. ಅವನು ತಾಹಿತಿಗೆ ಓಡಿ ಬಂದು, ಅಲ್ಲಿಯ ಪುರೆಯಾ ಎಂಬ ಪ್ರಬಲ ನಾಯಕಿಯ ಆಪ್ತನೂ ಮಂತ್ರಿಯೂ ಆದನು. 1767ರಲ್ಲಿ ಇಂಗ್ಲೆಂಡಿನ ಡಾಲ್ಫಿನ್ ಹಡಗು ತಾಹಿತಿಗೆ ಬಂದಾಗ ಅವನು ಅಲ್ಲಿಯೇ ಇದ್ದನು. ಮರುವರ್ಷದ ಕೊನೆಯಲ್ಲಿ ನಡೆದ ಇನ್ನೊಂದು ಯುದ್ಧದಲ್ಲಿ ಪುರೆಯಾಳ ಕಡೆಯವರು ಸೋತರು. ಎರಡನೆಯ ಸಲ ತುಪಾಯನು ನೆಲೆ ತಪ್ಪಿದವನಾದನು.

ಆಗಲೇ, 1769ರ ಏಪ್ರಿಲ್ 13ರಂದು, ಜೇಮ್ಸ್ ಕುಕ್ಕನ ಎಂಡೆವರ್ ಹಡಗು ತಾಹಿತಿಯ ಮತಾವಾಯಿ ಕೊಲ್ಲಿಯಲ್ಲಿ ಲಂಗರು ಹಾಕಿತು. ಜೂನ್ 3ರಂದು ಶುಕ್ರಗ್ರಹವು ಸೂರ್ಯಬಿಂಬವನ್ನು ಹಾದುಹೋಗುವುದನ್ನು ನೋಡಿ ಅಳೆಯುವುದಕ್ಕಾಗಿ ಬಂದ ಹಡಗು ಅದು. ಕೆಲಸ ಮುಗಿದು ಹೊರಡುವಾಗ ತುಪಾಯನು ತಾನೂ ಬರುವೆನೆಂದನು. ಕುಕ್ಕನಿಗೆ ಅಷ್ಟು ಮನಸ್ಸಿರಲಿಲ್ಲ. ಹಡಗಿನಲ್ಲಿದ್ದ ಶ್ರೀಮಂತ ಸಸ್ಯಶಾಸ್ತ್ರಜ್ಞ ಜೋಸೆಫ್ ಬ್ಯಾಂಕ್ಸ್ ಖರ್ಚು ತನ್ನದೆಂದು ಒಪ್ಪಿದನು. ಒಪ್ಪುವಾಗ ಅವನು ದಿನಚರಿಯಲ್ಲಿ ಬರೆದ ಕಾರಣ ಮಾತ್ರ ಇಂದು ಓದುವವರಿಗೆ ನಾಚಿಕೆ ತರುವಂಥದು: ತನ್ನ ನೆರೆಯವರು ಹೆಚ್ಚು ಹಣ ಸುರಿದು ಸಿಂಹ, ಹುಲಿಗಳನ್ನು ಸಾಕುವ ಹಾಗೆ ತಾನು ಇವನನ್ನು ಇಟ್ಟುಕೊಳ್ಳಬಹುದಲ್ಲ ಎಂದು. ಇಷ್ಟಾದರೂ, ಬ್ಯಾಂಕ್ಸನು ಮುಂದೆ ತುಪಾಯನನ್ನು ಪ್ರೀತಿಯಿಂದ ನೋಡಿಕೊಂಡನೆಂಬುದನ್ನೂ ಹೇಳಬೇಕು. ಜುಲೈ 13ರಂದು ಹಡಗು ಹೊರಟಿತು. ತುಪಾಯನೊಡನೆ ತಾಯಾತಾ ಎಂಬ ಹುಡುಗನೂ ಇದ್ದನು.

ನೆರೆಯ ದ್ವೀಪಗಳ ನಡುವೆ ಹಡಗನ್ನು ನಡೆಸಿದವನು ತುಪಾಯನೇ. ಹುವಾಹಿನೆ ದ್ವೀಪದಲ್ಲಿ ಅವನು ಒಬ್ಬ ಮುಳುಗುಗಾರನನ್ನು ನೀರಿಗಿಳಿಸಿ, ಹಡಗಿನ ತಳ ಎಷ್ಟು ಆಳಕ್ಕಿದೆಯೆಂದು ಅಳೆಯಿಸಿದನು. ಅಪರಿಚಿತ ಹಡಗನ್ನು ಹವಳದ ಬಂಡೆಗಳ ಸಂದಿನಲ್ಲಿ ನುಗ್ಗಿಸುವ ಮೊದಲು ಅದರ ಆಳ ತಿಳಿದುಕೊಂಡ ಈ ಒಂದು ಸಂಗತಿಯೇ ಅವನು ಎಂಥ ನಾವಿಕನೆಂದು ತೋರಿಸುತ್ತದೆ.

ಇದೇ ದಿನಗಳಲ್ಲಿ ಕುಕ್ಕನು ಅವನಿಂದ ಒಂದು ಮಾತನ್ನು ಕೇಳಿ ಬರೆದುಕೊಂಡನು. ಅದುವೇ ತುಪಾಯನು ಜಗತ್ತಿಗೆ ಕೊಟ್ಟ ಅತ್ಯಂತ ಬೆಲೆಯುಳ್ಳ ವಿಷಯವೆಂದು ನಾವು ತಿಳಿಯುತ್ತೇವೆ. ಪೂರ್ವದಿಂದ ಸದಾ ಗಾಳಿ ಬೀಸುವ ಕಡಲಿನಲ್ಲಿ ಪಶ್ಚಿಮಕ್ಕೆ ಹೋಗುವುದು ಸುಲಭ. ಪೂರ್ವಕ್ಕೆ ಬರುವುದು ಹೇಗೆ? ನವೆಂಬರ್, ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ಮಳೆಯೊಡನೆ ಪಡುಗಾಳಿ ಬೀಸುತ್ತದೆ, ಪೂರ್ವಕ್ಕೆ ಹೋಗಬೇಕಾದವರು ಅದನ್ನು ಕಾದು ಹೊರಡುತ್ತಾರೆ ಎಂದು ತುಪಾಯನು ತಿಳಿಸಿದನು. ತಮ್ಮ ದೊಡ್ಡ ದೋಣಿಗಳು ಪಶ್ಚಿಮದ ದ್ವೀಪಗಳಿಗೆ ಹೋಗಲು 10-12 ದಿನ, ಮರಳಿ ಬರಲು 30 ಅಥವಾ ಅದಕ್ಕೂ ಹೆಚ್ಚು ದಿನ ಹಿಡಿಯುತ್ತದೆಂದೂ ಹೇಳಿದನು. ಹೋಗುವ ದಿನಗಳಿಗೂ ಬರುವ ದಿನಗಳಿಗೂ ಇರುವ ಈ ವ್ಯತ್ಯಾಸದಲ್ಲಿಯೇ ಅಲ್ಲಿಯ ಗಾಳಿಯ ಲೆಕ್ಕವೆಲ್ಲ ಅಡಗಿದೆ. ಕುಕ್ಕನು ಬುದ್ಧಿವಂತ. ಈ ಜನರ ಪೂರ್ವಿಕರು ಪಶ್ಚಿಮದಿಂದ, ದ್ವೀಪದಿಂದ ದ್ವೀಪಕ್ಕೆ ದಾಟುತ್ತ ಬಂದಿರಬೇಕೆಂದು ಅವನು ಅಂದೇ ಊಹಿಸಿದನು.

ಆಗಸ್ಟ್ 9ರಂದು ರಾಯಾತೆಯಾ ಬಿಟ್ಟ ಹಡಗು ದಕ್ಷಿಣಕ್ಕೆ ತಿರುಗಿತು. ಪಶ್ಚಿಮಕ್ಕೆ ಹೋದರೆ ಬೇಕಾದಷ್ಟು ದ್ವೀಪಗಳಿವೆಯೆಂದು ತುಪಾಯನು ಮತ್ತೆ ಮತ್ತೆ ಹೇಳಿದರೂ, ದಕ್ಷಿಣದಲ್ಲಿ ಒಂದು ದೊಡ್ಡ ಖಂಡವಿದೆಯೋ ನೋಡಿ ಬಾ ಎಂಬ ಸರಕಾರದ ಆಜ್ಞೆ ಕುಕ್ಕನ ಕೈಯಲ್ಲಿತ್ತು. ಕೆಲವು ದಿನಗಳಲ್ಲಿ ರುರುತು ದ್ವೀಪ ಕಂಡಿತು. ತುಪಾಯನಿಗೆ ಅದರ ಹೆಸರು ಗೊತ್ತಿತ್ತು. ಅಲ್ಲಿಂದಾಚೆ ವಾರಗಟ್ಟಲೆ ಬರಿಯ ನೀರು, ಚಳಿ. ಹಡಗು ಎತ್ತ ತಿರುಗಿದರೂ ತಾಹಿತಿ ಯಾವ ದಿಕ್ಕಿಗಿದೆಯೆಂದು ಕೇಳಿದಾಗಲೆಲ್ಲ ತುಪಾಯನು ಸರಿಯಾಗಿ ಬೆರಳು ತೋರಿಸುತ್ತಿದ್ದನೆಂದು ಹಡಗಿನವರು ಮುಂದೆ ಹೇಳುತ್ತಿದ್ದರು.

ಹಡಗಿನಲ್ಲಿ ಅವನು ಕುಕ್ಕನಿಗೆ ಒಟ್ಟು ಸುಮಾರು 130 ದ್ವೀಪಗಳ ವಿಷಯ ಹೇಳಿದನು. ಅವುಗಳಲ್ಲಿ 74ನ್ನು ಒಂದು ಕಾಗದದ ಮೇಲೆ ಗುರುತಿಸಿದ ನಕ್ಷೆಯೂ ತಯಾರಾಯಿತು. ಪೂರ್ವದಲ್ಲಿ ಮಾರ್ಕೆಸಾಸ್‌ನಿಂದ ಪಶ್ಚಿಮದಲ್ಲಿ ಸಮೋವಾ, ಟೊಂಗದವರೆಗಿನ ಕಡಲು ಅದರಲ್ಲಿದೆ. ಮೂಲ ಪ್ರತಿ ಉಳಿದಿಲ್ಲ. ಕುಕ್ಕನು ಮಾಡಿಕೊಂಡ ನಕಲು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಕಾಗದ, ಲೇಖನಿಗಳನ್ನು ನಡುವಯಸ್ಸಿನಲ್ಲಿ ಮೊದಲ ಬಾರಿ ಹಿಡಿದ ತುಪಾಯನು ಚಿತ್ರಗಳನ್ನೂ ಬರೆದನು. ಒಬ್ಬ ಮಾವೊರಿ ಮನುಷ್ಯನು ಇಂಗ್ಲಿಷರವನೊಬ್ಬನಿಗೆ ದೊಡ್ಡ ಸಿಗಡಿಯೊಂದನ್ನು ಕೊಟ್ಟು ಬಟ್ಟೆ ಪಡೆಯುವ ಚಿತ್ರವಂತೂ ಬಹಳ ಸೊಗಸು. ಇವು ಯಾರ ಕೈಕೆಲಸವೆಂದು ಇನ್ನೂರು ವರ್ಷಗಳಿಗೂ ಹೆಚ್ಚು ಕಾಲ ಯಾರಿಗೂ ತಿಳಿದಿರಲಿಲ್ಲ. ಬ್ಯಾಂಕ್ಸನ 1812ರ ಒಂದು ಪತ್ರ 1997ರಲ್ಲಿ ಗಮನಕ್ಕೆ ಬಂದ ಮೇಲೆ ಗುಟ್ಟು ಹೊರಬಿತ್ತು.

1769ರ ಅಕ್ಟೋಬರಿನಲ್ಲಿ ಹಡಗು ನ್ಯೂಜಿಲೆಂಡ್ ತಲಪಿತು. ತಾಹಿತಿಯಿಂದ ಸುಮಾರು 4,000 ಕಿ.ಮೀ. ದೂರ. ದಡಕ್ಕಿಳಿದ ಮೊದಲ ದಿನವೇ ಗುಂಡು ಹಾರಿ ಒಬ್ಬ ಮಾವೊರಿ ಸತ್ತನು. ಮರುದಿನ ಹೊಳೆಯ ಆಚೆ ದಡದಲ್ಲಿ ಆಯುಧ ಹಿಡಿದು ನಿಂತವರಿಗೆ ತುಪಾಯನು ತನ್ನ ಭಾಷೆಯಲ್ಲಿ ಕೂಗಿ ಮಾತಾಡಿದನು. ಅವರಿಗೆ ಅರ್ಥವಾಯಿತು! ನೂರಾರು ವರ್ಷ ಬೇರೆಯಾಗಿದ್ದ ಎರಡು ಜನಾಂಗಗಳ ಮಾತು ಇನ್ನೂ ಒಂದೇ ಬೇರಿನದಾಗಿತ್ತು. ಅಂದೂ ಜಗಳ ಪೂರ್ತಿ ನಿಲ್ಲಲಿಲ್ಲ, ಮತ್ತೆ ಸಾವುಗಳಾದವು. ಆದರೂ ಮುಂದಿನ ಆರು ತಿಂಗಳು ಕುಕ್ಕನಿಗೆ ನೀರು, ಸೊಪ್ಪು, ಮೀನು ಸಿಕ್ಕಿದ್ದರಲ್ಲಿ ತುಪಾಯನ ನಾಲಗೆಯ ಪಾಲು ದೊಡ್ಡದು. ಮಾವೊರಿಗಳು ಅವನನ್ನು ಹಿರಿಯ ಅರ್ಚಕನೆಂದು ಗೌರವಿಸಿ ಹಳೆಯ ನಾಡಿನ ಕಥೆಗಳನ್ನು ಕೇಳಲು ಸುತ್ತ ನೆರೆಯುತ್ತಿದ್ದರು. ಉವಾವಾ ಎಂಬಲ್ಲಿ ಅವನ ಹೆಸರಿನ ಗುಹೆಯೊಂದು ಇಂದಿಗೂ ಇದೆ. ಹಡಗಿನ ಕೆಲಸಗಾರರಿಗೆ ಮಾತ್ರ ಅವನೆಂದರೆ ಆಗುತ್ತಿರಲಿಲ್ಲ, ಗರ್ವಿಯೆಂದು ದೂರುತ್ತಿದ್ದರು. ದೇಶ ದೇಶಗಳಲ್ಲಿ ಗೌರವ ಪಡೆದ ಅರ್ಚಕನು ಹಡಗಿನ ಜನರ ಮುಂದೆ ತಲೆ ಬಾಗದಿದ್ದರೆ ಅದಕ್ಕೆ ಗರ್ವವೆಂಬ ಹೆಸರು ಬರುವುದು ಆಶ್ಚರ್ಯವೇನಲ್ಲ.

ಆಸ್ಟ್ರೇಲಿಯಾದಲ್ಲಿ ಅವನ ಭಾಷೆ ನಡೆಯಲಿಲ್ಲ. ಅಲ್ಲಿಯ ಜನ ಬೇರೆ, ಮಾತು ಬೇರೆ. ಅಷ್ಟರಲ್ಲಿ ಅವನ ಒಸಡು ಬಾತು ಸ್ಕರ್ವಿ ರೋಗ ಕಾಣಿಸಿಕೊಂಡಿತ್ತು. 1770ರ ಜೂನ್ 11ರಂದು ಹಡಗು ಹವಳದ ಬಂಡೆಗೆ ಬಡಿದು ತಳ ಒಡೆಯಿತು. ರಿಪೇರಿಗಾಗಿ ಒಂದು ಹೊಳೆಯ ಬಾಯಲ್ಲಿ ತಂಗಿದ್ದಾಗ ತುಪಾಯನು ತಾನೇ ಗಾಳ ಹಾಕಿ ಮೀನು ಹಿಡಿದು ತಿಂದು ಚೇತರಿಸಿಕೊಂಡನು.

ಅಕ್ಟೋಬರಿನಲ್ಲಿ ಹಡಗು ಡಚ್ಚರ ಬಟಾವಿಯ ನಗರವನ್ನು, ಎಂದರೆ ಇಂದಿನ ಜಕಾರ್ತವನ್ನು ಸೇರಿತು. ಕಲ್ಲಿನ ಮನೆ, ಗಾಡಿ, ಅಂಗಡಿಗಳನ್ನು ಕಂಡು ತಾಯಾತಾ ಬೀದಿಯಲ್ಲೇ ಕುಣಿದನಂತೆ. ಅಲ್ಲಿ ಪ್ರತಿಯೊಬ್ಬರೂ ತಮ್ಮ ತಮ್ಮ ದೇಶದ ಉಡುಪಿನಲ್ಲಿ ತಿರುಗುತ್ತಾರೆಂದು ತಿಳಿದ ಕೂಡಲೇ ತುಪಾಯನೂ ಮರದ ತೊಗಟೆಯಿಂದ ಮಾಡಿದ ತನ್ನ ನಾಡಿನ ಬಟ್ಟೆಯನ್ನೇ ಉಟ್ಟನು. ಆದರೆ ಕಾಲುವೆಗಳಲ್ಲಿ ನೀರು ಕೊಳೆಯುತ್ತಿದ್ದ ಆ ಊರು ಜ್ವರದ ತವರು. ಇಬ್ಬರೂ ಮಲಗಿದರು. ಊರಿನ ಹವೆ ತಾಳಲಾರದೆ ತುಪಾಯನು ತನ್ನನ್ನು ಹಡಗಿಗೇ ಒಯ್ಯಿರೆಂದು ಬೇಡಿದನು. ಹಡಗು ರಿಪೇರಿಯಾಗುತ್ತಿದ್ದ ಸಣ್ಣ ದ್ವೀಪದಲ್ಲಿ, ಹಗಲು ಕಡಲ ಗಾಳಿಯೂ ರಾತ್ರಿ ನೆಲದ ಗಾಳಿಯೂ ಹಾದುಹೋಗುವ ಜಾಗ ನೋಡಿ ಬ್ಯಾಂಕ್ಸನು ಡೇರೆ ಹಾಕಿಸಿದನು. ಹುಡುಗ ಮೊದಲು ಹೋದನು. ಅವನ ಹೆಸರನ್ನು ಕೂಗುತ್ತ ಅತ್ತ ತುಪಾಯನು ಬಹಳ ದಿನ ಉಳಿಯಲಿಲ್ಲ. 1770 ಮುಗಿಯುವ ಮೊದಲೇ ಇಬ್ಬರೂ ಅಲ್ಲಿಯ ಏದಮ್ ಎಂಬ ದ್ವೀಪದ ಮಣ್ಣು ಸೇರಿದರು.

1773ರಲ್ಲಿ ಕುಕ್ಕನ ಎರಡನೆಯ ಯಾತ್ರೆಯ ಹಡಗುಗಳು ನ್ಯೂಜಿಲೆಂಡಿಗೆ ಹೋದಾಗ ಮಾವೊರಿಗಳು ದೋಣಿಯಲ್ಲಿ ಬಂದು ತುಪಾಯ ಎಲ್ಲಿ ಎಂದು ವಿಚಾರಿಸಿದರು. ಸತ್ತನೆಂದು ಕೇಳಿ ಗೋಳಿಟ್ಟರು.

ಅವನ ನಕ್ಷೆಯ ಪಾಡು ಬೇರೆ. ವಿದ್ವಾಂಸರು ಅದನ್ನು ಬಿಡಿಸಿ ನೋಡಿದಾಗ ಕೆಲವು ದ್ವೀಪಗಳು ಸರಿಯಾಗಿ, ಎಷ್ಟೋ ದ್ವೀಪಗಳು ಅಡ್ಡಾದಿಡ್ಡಿಯಾಗಿ ಕಂಡವು. ಮೇಲೆ ಉತ್ತರ, ಕೆಳಗೆ ದಕ್ಷಿಣ ಎಂಬ ತಮ್ಮ ಪದ್ಧತಿಯಿಂದ ಓದಿದ್ದೇ ಇದಕ್ಕೆ ಕಾರಣವೆಂದು 2018ರಲ್ಲಿ ಎಕ್‌ಸ್ಟೈನ್ ಮತ್ತು ಶ್ವಾರ್ಟ್ಸ್ ಎಂಬ ಜರ್ಮನಿಯ ಸಂಶೋಧಕರು ವಾದಿಸಿದರು. ನಕ್ಷೆಯ ನಡುವೆ ನಡುಹಗಲು ಎಂಬ ಅರ್ಥದ ತಾಹಿತಿಯ ಶಬ್ದವಿದೆ. ಅಲ್ಲಿ ನಡುಹಗಲಿನ ಸೂರ್ಯನು ವರ್ಷದ ಹೆಚ್ಚು ಕಾಲ ಉತ್ತರಕ್ಕಿರುತ್ತಾನೆ. ಆದ್ದರಿಂದ ತುಪಾಯನ ಉತ್ತರವು ಕಾಗದದ ಮಧ್ಯದಲ್ಲಿದೆ. ದಾರಿಗಳನ್ನು ಒಂದೊಂದು ದ್ವೀಪದಿಂದ ಹೊರಟು ಬೇರೆ ಬೇರೆಯಾಗಿ ಓದಬೇಕು ಎಂಬುದು ಅವರ ಮತ. ಹೀಗೆ ಓದಿದರೆ ಕಲಸಿಹೋದಂತೆ ಕಂಡದ್ದರಲ್ಲಿ ಬಹುಪಾಲು ಜಾಗಕ್ಕೆ ಬಂದು ಕೂರುತ್ತದೆ.

ಪಡುಗಾಳಿಯ ಮಾತೂ ಬಹುಕಾಲ ಮರೆತೇಹೋಗಿತ್ತು. ಪೂರ್ವದ ಗಾಳಿಗೆ ಎದುರಾಗಿ ಈ ಜನ ಬಂದಿರಲಾರರು, ದಕ್ಷಿಣ ಅಮೆರಿಕದಿಂದಲೇ ಬಂದಿರಬೇಕೆಂದು ಥಾರ್ ಹೆಯರ್‌ಡಾಲನು 1947ರಲ್ಲಿ ಕೋನ್-ಟಿಕಿ ಎಂಬ ತೆಪ್ಪದಲ್ಲಿ 101 ದಿನ ತೇಲಿ ತೋರಿಸಿದನು. ಸಾಹಸವೇನೋ ದೊಡ್ಡದು, ಊಹೆ ನಿಲ್ಲಲಿಲ್ಲ. ಉತ್ಖನನದ ಸಾಕ್ಷ್ಯವೂ ಭಾಷೆಯ ಸಾಕ್ಷ್ಯವೂ ಪಶ್ಚಿಮದ ಕಡೆಗೇ ಕೈ ತೋರಿಸಿದವು. ಆಮೇಲೆ ಹವಾಯಿಯವರು ಹಳೆಯ ಮಾದರಿಯಲ್ಲಿ ಹೋಕುಲೇಯಾ ಎಂಬ ಜೋಡಿದೋಣಿ ಕಟ್ಟಿದರು. 1976ರಲ್ಲಿ ಸತಾವಲ್ ದ್ವೀಪದ ಮಾವ್ ಪಿಯಾಯ್ಲುಗ್ ಎಂಬ ನಾವಿಕನು ಯಾವ ಉಪಕರಣವೂ ಇಲ್ಲದೆ ಅದನ್ನು ಹವಾಯಿಯಿಂದ ತಾಹಿತಿಗೆ ನಡೆಸಿದನು. 1986ರಲ್ಲಿ ಅದೇ ದೋಣಿ ಸಮೋವಾದಿಂದ ಪೂರ್ವಕ್ಕೆ ಹೊರಟಿತು. ಗಾಳಿ ಎದುರಾದಾಗ ತಡೆದು, ಪಡುಗಾಳಿ ತಿರುಗಿದಾಗ ಮುಂದುವರಿದು ತಾಹಿತಿ ಸೇರಿತು. ತುಪಾಯನು ಹೇಳಿ 217 ವರ್ಷಗಳಾಗಿದ್ದವು.

ಈ ಪಡುಗಾಳಿಗೂ ನಮ್ಮ ಮಳೆಗೂ ಒಂದು ಸಂಬಂಧವಿದೆ. ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿ 1904ರಿಂದ 1924ರವರೆಗೆ ಇದ್ದ ಗಿಲ್ಬರ್ಟ್ ವಾಕರ್ ಅವರು ನಮ್ಮ ಮುಂಗಾರು ಕೈಕೊಡುವುದನ್ನು ಮುಂದಾಗಿ ತಿಳಿಯುವ ದಾರಿ ಹುಡುಕುತ್ತ, ಪೆಸಿಫಿಕ್ಕಿನ ಮೇಲಣ ವಾಯುಭಾರವೂ ಹಿಂದೂ ಮಹಾಸಾಗರದ ಮೇಲಣ ವಾಯುಭಾರವೂ ತಕ್ಕಡಿಯ ತಟ್ಟೆಗಳಂತೆ ಏರಿಳಿಯುವುದನ್ನು ಕಂಡುಕೊಂಡರು. ಇಂದು ಆ ತಕ್ಕಡಿಯನ್ನು ಅಳೆಯುವುದು ಎರಡು ಊರುಗಳ ವಾಯುಭಾರದಿಂದ: ಒಂದು ಆಸ್ಟ್ರೇಲಿಯಾದ ಡಾರ್ವಿನ್, ಇನ್ನೊಂದು ತುಪಾಯನಿದ್ದ ತಾಹಿತಿ. ತಾಹಿತಿಯಲ್ಲಿ ಭಾರ ಇಳಿದ ವರ್ಷ ವಾಣಿಜ್ಯ ಮಾರುತ ಸೋಲುತ್ತದೆ, ಪಡುಗಾಳಿ ದೂರ ಪೂರ್ವದವರೆಗೂ ನುಗ್ಗುತ್ತದೆ. ಎಲ್ ನಿನ್ಯೊ ಎಂದು ಪತ್ರಿಕೆಗಳಲ್ಲಿ ಓದುವುದು ಇದನ್ನೇ. 1982ರಲ್ಲಿ ಹಾಗಾಯಿತು. ಆ ವರ್ಷ ಭಾರತದಲ್ಲಿ ಮುಂಗಾರು ಮಳೆ ಕಡಿಮೆಯಾಯಿತು. ಅದೇ ಡಿಸೆಂಬರಿನಿಂದ ಮರುವರ್ಷದ ಏಪ್ರಿಲ್‌ವರೆಗೆ ತಾಹಿತಿಯ ಸುತ್ತಿನ ದ್ವೀಪಗಳ ಮೇಲೆ ಒಂದರ ಹಿಂದೆ ಒಂದು ಚಂಡಮಾರುತ ಎರಗಿತು.